ಕಾರಿನೊಳಗಿನ ಅಪಶ್ರುತಿ

ವೀಣೆಯ ಆಲಾಪನೆಯನ್ನು ಕೇಳುವುದಕ್ಕೆ ಕಾರು ತಕ್ಕ ಸ್ಥಳವಲ್ಲವೆಂದು ರಸಿಕರು ಹೇಳುವುದುಂಟು; ಆದರೆ ವಾರಕ್ಕೊಮ್ಮೆ ಬೆಂಗಳೂರಿನಿಂದ ಮೈಸೂರಿಗೆ ಹೋಗಿಬರಬೇಕಾದ, ಮನೆಯಲ್ಲಿ ಒಂದು ತಾಸಿನ ಏಕಾಂತವೂ ದೊರೆಯದ ನನ್ನಂಥವನಿಗೆ, ಕಿಟಕಿಗಳನ್ನು ಏರಿಸಿಕೊಂಡು ದೊರೆಸ್ವಾಮಿ ಅಯ್ಯಂಗಾರ್ಯರ ವೀಣೆಯನ್ನು ಕೇಳುತ್ತ ಸಾಗುವ ಆ ಎರಡು ಮೂರು ಗಂಟೆಗಳೇ ಸಂಗೀತದ ಪಾಲಿಗೆ ಉಳಿದಿರುವ ಕಾಲ. ಹೀಗಿರುವಲ್ಲಿ, ಡಿಕ್ಕಿಯೊಳಗೆ ಹೊಸದೊಂದು ಆಂಪ್ಲಿಫೈಯರನ್ನು ಕೂರಿಸಿದ ದಿನದಿಂದ ತಂತಿಯ ನಾದದ ಜೊತೆಗೆ ಒಂದು ಸಣ್ಣ ಕೀರಲು ದನಿ ಸೇರಿಕೊಂಡಿತು. ಆಕ್ಸಿಲರೇಟರನ್ನು ಒತ್ತಿದರೆ ಅದು ಏರುವುದು, ಬಿಟ್ಟರೆ ಇಳಿಯುವುದು. ತಂಬೂರಿಯ ಶ್ರುತಿ ನಿಂತಲ್ಲಿ ನಿಲ್ಲುವ ಗುಣದಿಂದಲೇ ಗಾಯಕನಿಗೆ ಆಧಾರವಾಗಿರುವುದಷ್ಟೆ. ಈ ದನಿಯಾದರೋ ರಸ್ತೆಯ ಏರುತಗ್ಗುಗಳನ್ನು ಅನುಸರಿಸಿ ಜಾರುತ್ತ, ಕೇಳುವವನ ಮನಸ್ಸಿನಲ್ಲಿ ಷಡ್ಜವೇ ನೆಲೆತಪ್ಪುವಂತೆ ಮಾಡುತ್ತಿತ್ತು. ಇಂತಹ ದನಿಯನ್ನು ಹೋಗಲಾಡಿಸುವುದಕ್ಕೆ ನಮ್ಮ ಪೇಟೆಗಳಲ್ಲಿ ರೂಢಿಯಾಗಿರುವ ಕ್ರಮ ಎಷ್ಟರಮಟ್ಟಿಗೆ ಯುಕ್ತವಾದುದೆಂಬುದನ್ನು ಇಲ್ಲಿ ಪರಿಶೀಲಿಸಬೇಕೆಂದಿದ್ದೇನೆ.

ಆ ಕ್ರಮ ಬಹಳ ಸರಳವಾದುದು. ಕಾರಿನ ಸಾಮಗ್ರಿಗಳಿಗೆ ಹೆಸರಾದ ಜೆ.ಸಿ. ರಸ್ತೆಯಂತಹ ಪೇಟೆಯಲ್ಲಾಗಲಿ, ಜಿಲ್ಲೆಯ ಊರೊಂದರ ಚಿಕ್ಕ ಅಂಗಡಿಯಲ್ಲಾಗಲಿ, ಗಿರಾಕಿಯು ತನ್ನ ಕಷ್ಟವನ್ನು ಹೇಳಿ ಮುಗಿಸುವುದಕ್ಕೆ ಮುಂಚೆಯೇ "ಫಿಲ್ಟರ್ ಹಾಕಿದ್ರೆ ಸರಿಹೋಗುತ್ತೆ ಸಾರ್" ಎಂಬ ಉತ್ತರ ಬರುತ್ತದೆ. ನನಗೂ ಅದೇ ಬಂದಿತು. ಒಂದು ಅಂಗಡಿಯಲ್ಲಿ ಅದನ್ನು ನಂಬಿ ಹಾಕಿಸಿಯೂ ಆಯಿತು. ದನಿ ಕುಗ್ಗಿತು. ಆದರೆ ಅದರೊಡನೆ ವೀಣೆಯ ಮಂದ್ರಸ್ಥಾಯಿಯೂ ಕುಗ್ಗಿತು. ಅನುಮಂದ್ರದ ತಂತಿಯನ್ನು ಮೀಟಿದಾಗ ಎದೆಗೆ ಮುಟ್ಟಬೇಕಾದ ಗಾಂಭೀರ್ಯವು ಎಲ್ಲೋ ದೂರದ ಕೋಣೆಯಿಂದ ಬಂದಂತೆ ತೆಳುವಾಯಿತು.

ಇದು ಆಕಸ್ಮಿಕವಲ್ಲ. ಸ್ಟೀರಿಯೋದಿಂದ ಆಂಪ್ಲಿಫೈಯರಿಗೆ ಹೋಗುವ ಆರ್.ಸಿ.ಎ. ಕೇಬಲ್ಲಿನ ನಡುವೆ ಸೇರಿಸುವ ಆ ಪುಟ್ಟ ಡಬ್ಬಿಯಲ್ಲಿ ಇರುವುದು ಎರಡು ಸಣ್ಣ ಟ್ರಾನ್ಸ್‌ಫಾರ್ಮರುಗಳು. ಅವು ಎರಡು ಕಡೆಯ ತಂತಿಗಳಿಗೆ ನೇರವಾದ ಸಂಪರ್ಕವಿಲ್ಲದಂತೆ ಮಾಡಿ, ನಾದವನ್ನು ಮಾತ್ರ ಕಾಂತಕ್ಷೇತ್ರದ ಮೂಲಕ ದಾಟಿಸುತ್ತವೆ. ತತ್ತ್ವವೇನೋ ನಿರ್ದುಷ್ಟವಾದುದೇ. ಆದರೆ ಕೆಳಸ್ಥಾಯಿಯ ಸ್ವರಗಳನ್ನು ಕುಂದಿಲ್ಲದೆ ದಾಟಿಸಬೇಕಾದರೆ ಒಳಗಿನ ಕಬ್ಬಿಣವೂ ಸುರುಳಿಯೂ ದೊಡ್ಡವಾಗಿರಬೇಕು. ಬೆಂಕಿಪೊಟ್ಟಣದ ಗಾತ್ರದ, ಅಗ್ಗದ ಡಬ್ಬಿಯಿಂದ ಅದು ಆಗತಕ್ಕ ಕೆಲಸವಲ್ಲ. ಇದಕ್ಕಿಂತ ಗುರುತರವಾದ ಆಕ್ಷೇಪಣೆ ಬೇರೊಂದಿದೆ. ಆ ದನಿಯು ತಾನು ಎಲ್ಲಿ ಹುಟ್ಟಿತೆಂಬುದನ್ನು ತಾನೇ ಹೇಳುತ್ತಿರುತ್ತದೆ. ಫಿಲ್ಟರನ್ನು ಮೊದಲೇ ಹಾಕಿದವನು ಆ ಸಾಕ್ಷಿಯ ಬಾಯನ್ನು ಮುಚ್ಚಿಸಿದಂತಾಗಿ, ಮೂಲದ ದೋಷವು ಇದ್ದಲ್ಲಿಯೇ ಉಳಿದುಬಿಡುತ್ತದೆ.

ಆ ಸಾಕ್ಷಿಯ ಮಾತನ್ನು ಕೊಂಚ ಕೇಳೋಣ. ನಮ್ಮ ಮೆಕ್ಯಾನಿಕ್ಕುಗಳು ಇಂದಿಗೂ ಡೈನಮೋ ಎಂದು ಕರೆಯುವ ಆಲ್ಟರ್ನೇಟರು ಮೂರು ಹಂತಗಳ ಪರ್ಯಾಯ ವಿದ್ಯುತ್ತನ್ನು ಉತ್ಪಾದಿಸಿ, ಡಯೋಡುಗಳ ಮೂಲಕ ಅದನ್ನು ಏಕಮುಖವಾಗಿ ಮಾಡಿ ಬ್ಯಾಟರಿಗೆ ಕೊಡುತ್ತದೆ. ಹಾಗೆ ಮಾಡಿದ ವಿದ್ಯುತ್ತು ನಿಶ್ಚಲವಾದ ಕೆರೆಯಂತಿರದೆ ಸಣ್ಣ ಅಲೆಗಳಿಂದ ಕೂಡಿರುತ್ತದೆ. ಎಂಜಿನ್ನು ನಿಂತಲ್ಲಿಯೇ ನಿಮಿಷಕ್ಕೆ 800 ಸುತ್ತು ತಿರುಗುತ್ತಿರುವಾಗ, ಅದರ ಎರಡೂವರೆ ಪಟ್ಟು ವೇಗದಿಂದ ತಿರುಗುವ, 12 ಧ್ರುವಗಳುಳ್ಳ ಆಲ್ಟರ್ನೇಟರಿನಲ್ಲಿ ಈ ಅಲೆಗಳ ಸಂಖ್ಯೆ ಸೆಕೆಂಡಿಗೆ 1200. ಎಂಜಿನ್ನು 2400 ಸುತ್ತಿಗೆ ಏರಿದರೆ ಅಲೆಗಳೂ 3600ಕ್ಕೆ ಏರುವುವು. ಮನುಷ್ಯನ ಕಿವಿ ಅತ್ಯಂತ ಸೂಕ್ಷ್ಮವಾಗಿರುವುದು ಸುಮಾರು 2000ದಿಂದ 5000ದವರೆಗಿನ ಕಂಪನಗಳಿಗೆ. ಎಂದರೆ, ಹೆದ್ದಾರಿಯ ವೇಗದಲ್ಲಿ ಈ ಕೀರಲು ದನಿ ಬಂದು ನಿಲ್ಲುವುದು ನಾವು ಅದರಿಂದ ತಪ್ಪಿಸಿಕೊಳ್ಳಲಾರದಂತಹ ಎಡೆಯಲ್ಲಿಯೇ.

ಆದರೆ ಆಲ್ಟರ್ನೇಟರು ಪ್ರತಿಯೊಂದು ಕಾರಿನಲ್ಲಿಯೂ ಇರುವಾಗ, ದನಿ ಮಾತ್ರ ಕೆಲವು ಕಾರುಗಳಲ್ಲಿಯೇ ಏಕೆ ಕೇಳಬೇಕು? ಈ ಪ್ರಶ್ನೆಯನ್ನು ಎತ್ತದಿರುವುದೇ ಪೇಟೆಯ ಕ್ರಮದ ದೊಡ್ಡ ಲೋಪ. ಕಾರಿನಲ್ಲಿ ವಿದ್ಯುತ್ತು ಬ್ಯಾಟರಿಯಿಂದ ತಂತಿಯಲ್ಲಿ ಹೊರಟು, ಮರಳುವಾಗ ಬಾಡಿಯ ತಗಡಿನ ಮೂಲಕವೇ ಮರಳುತ್ತದೆ. ಮೆಕ್ಯಾನಿಕ್ಕುಗಳ ಮಾತಿನಲ್ಲಿ ಅದೇ ಬಾಡಿ ಅರ್ತ್. ಡಿಕ್ಕಿಯಲ್ಲಿ ಆಂಪ್ಲಿಫೈಯರಿನ ಅರ್ತ್ ವೈರನ್ನು ಬಣ್ಣ ಕೆರೆಯದೆ, ಸಿಕ್ಕಿದ ಬೋಲ್ಟಿಗೆ ಬಿಗಿದರೆಂದು ಇಟ್ಟುಕೊಳ್ಳಿ. ಆ ಕೂಡಿಕೆಯ ಪ್ರತಿರೋಧ ಒಂದು ಓಮಿನ ಇಪ್ಪತ್ತನೆಯ ಒಂದು ಭಾಗವಾಗಿದ್ದು, ಆಂಪ್ಲಿಫೈಯರು 20 ಆಂಪಿಯರ್ ಎಳೆಯುತ್ತಿದ್ದರೆ, ಡಿಕ್ಕಿಯ ಅರ್ತಿಗೂ ಬಾಡಿಗೂ ನಡುವೆ ಒಂದು ವೋಲ್ಟಿನ ಅಂತರ ಏರ್ಪಡುವುದು. ಹೀಗೆ ದಾರಿ ಕಿರಿದಾದಾಗ ವಿದ್ಯುತ್ತು ಸುಲಭವಾದ ಬೇರೊಂದು ದಾರಿಯನ್ನೂ ಹಿಡಿಯುತ್ತದೆ. ಆ ದಾರಿ ಯಾವುದೆಂದರೆ, ಸಂಗೀತವನ್ನು ಹೊತ್ತು ತರುವ ಆರ್.ಸಿ.ಎ. ಕೇಬಲ್ಲಿನ ಹೊರಗವಚ. ಆಲಾಪನೆಯ ಮೆಲುದನಿಯು ಆ ಕೇಬಲ್ಲಿನಲ್ಲಿ 20 ಮಿಲಿವೋಲ್ಟಿನಷ್ಟಿರುವಾಗ, ಕವಚದ ಮೇಲೆ ಹರಿದ ಅಲೆಯು ಒಂದು ಮಿಲಿವೋಲ್ಟನ್ನು ಸೇರಿಸಿದರೂ ಸಾಕು, ಆಂಪ್ಲಿಫೈಯರು ಎರಡನ್ನೂ ಭೇದವೆಣಿಸದೆ ದೊಡ್ಡದು ಮಾಡುತ್ತದೆ.

ಇದೇ ತತ್ತ್ವವನ್ನು ಆಂಪ್ಲಿಫೈಯರಿಲ್ಲದ ಸಾಧಾರಣ ಟ್ಯಾಕ್ಸಿಯಲ್ಲಿಯೂ ಕಾಣಬಹುದು: ಮೊಬೈಲನ್ನು ಆಕ್ಸ್ ಕೇಬಲ್ಲಿನಿಂದ ಸ್ಟೀರಿಯೋಗೆ ಜೋಡಿಸಿ, ಅದೇ ವೇಳೆಯಲ್ಲಿ ಕಾರಿನ ಚಾರ್ಜರಿಗೂ ಸಿಕ್ಕಿಸಿದರೆ ಕೀರಲು ದನಿ ಆರಂಭವಾಗುವುದು, ಚಾರ್ಜರನ್ನು ಕಿತ್ತೊಡನೆ ಅಡಗುವುದು. ಕಾಸಿನ ಖರ್ಚಿಲ್ಲದ ಈ ಪರೀಕ್ಷೆಗಿಂತ ಒಳ್ಳೆಯ ಪಾಠ ಇನ್ನೊಂದಿಲ್ಲ.

ಕಾರಿನ ಸಂಗೀತಕ್ಕೆ ಈ ಪೀಡೆ ಜನ್ಮದಿಂದಲೇ ಅಂಟಿಬಂದುದು. 1930ರಲ್ಲಿ ಅಮೆರಿಕದ ಗ್ಯಾಲ್ವಿನ್ ಸಹೋದರರು ಮೋಟೊರೋಲಾ ಎಂಬ ಹೆಸರಿನಿಂದ ಕಾರಿನ ರೇಡಿಯೋವನ್ನು ಹೊರತಂದ ಕಾಲದಲ್ಲಿ ಅವರ ಪಾಲಿಗೆ ಶತ್ರುವಾಗಿದ್ದುದು ಸ್ಪಾರ್ಕ್ ಪ್ಲಗ್ಗಿನ ಕಿಡಿ. ಒಂದೊಂದು ಪ್ಲಗ್ಗಿಗೂ ಡಿಸ್ಟ್ರಿಬ್ಯೂಟರಿಗೂ ಪ್ರತಿರೋಧಕಗಳನ್ನು ಕೂರಿಸಿದ ಹೊರತು ಹಾಡು ಕೇಳುವಂತಿರಲಿಲ್ಲ. ಕಿಡಿಯ ಆ ಟಿಕ್ ಟಿಕ್ ಸದ್ದು ಈಗಲೂ ಪೆಟ್ರೋಲ್ ಕಾರುಗಳಲ್ಲಿ ಅಪರೂಪಕ್ಕೆ ಕೇಳಿಬರುವುದುಂಟು. ಡೀಸೆಲ್ ಕಾರಿನಲ್ಲಿ ಸ್ಪಾರ್ಕ್ ಪ್ಲಗ್ಗೇ ಇಲ್ಲದ್ದರಿಂದ ಅದರ ಮಾತಿಲ್ಲ. 1960ರಲ್ಲಿ ಕ್ರೈಸ್ಲರ್ ಸಂಸ್ಥೆ ತನ್ನ ವೇಲಿಯಂಟ್ ಕಾರಿಗೆ ಆಲ್ಟರ್ನೇಟರನ್ನು ಅಳವಡಿಸಿದ ಮೇಲೆ ಅದು ಕ್ರಮೇಣ ಎಲ್ಲೆಡೆಯೂ ಹಬ್ಬಿ, ಈ ಕೀರಲು ದನಿಗೆ ಇಂದಿನ ಸ್ವರೂಪ ಬಂದಿತು.

ಸದ್ದಿನ ಹುಟ್ಟನ್ನು ಕಂಡುಹಿಡಿಯುವ ಸರಿಯಾದ ಕ್ರಮವನ್ನು ನನಗೆ ತೋರಿಸಿಕೊಟ್ಟವರು, ಒಂದು ಓಣಿಯ ಕೊನೆಯಲ್ಲಿ ಒಬ್ಬರೇ ಕೆಲಸ ಮಾಡುವ ವಯಸ್ಸಾದ ಎಲೆಕ್ಟ್ರಿಷಿಯನ್ನರು. ಅವರು ಮೊದಲು ಏನನ್ನೂ ಬಿಚ್ಚಲಿಲ್ಲ. ಕಾರಿನೊಳಗೆ ಕುಳಿತು ಕೇಳಿದರು. ವಾಲ್ಯೂಮನ್ನು ಪೂರ್ತಿ ಇಳಿಸಿದಾಗಲೂ ದನಿ ಇದ್ದೇ ಇತ್ತು. ಆದುದರಿಂದ ಅದು ವಾಲ್ಯೂಮಿನ ಗುಂಡಿಯನ್ನು ದಾಟಿದ ಮೇಲೆ ಸೇರಿಕೊಳ್ಳುತ್ತಿರಬೇಕು. ಎಂಜಿನ್ನನ್ನು ನಿಲ್ಲಿಸಿ ಆಂಪ್ಲಿಫೈಯರಿನ ಬಳಿ ಆರ್.ಸಿ.ಎ. ಕೇಬಲ್ಲನ್ನು ಕಿತ್ತು ಮತ್ತೆ ಚಾಲೂ ಮಾಡಿದರು, ದನಿ ಅಡಗಿತು, ಆಂಪ್ಲಿಫೈಯರು ನಿರ್ದೋಷಿಯೆಂದಾಯಿತು. ಬಳಿಕ, ಚಾರ್ಜರಿಗೆ ಸಿಕ್ಕಿಸದ ಮೊಬೈಲಿನಿಂದ ನೇರವಾಗಿ ಆಂಪ್ಲಿಫೈಯರಿಗೆ ಹಾಡನ್ನು ಕೊಟ್ಟರು. ಮೊಬೈಲಿಗೆ ಬಾಡಿಯೊಡನೆ ಬೇರೆ ಸಂಬಂಧವಿಲ್ಲದ್ದರಿಂದ ಹಾಡು ಶುದ್ಧವಾಗಿ ಬಂದಿತು. ಎರಡು ಅರ್ತುಗಳ ನಡುವಣ ವ್ಯತ್ಯಾಸವೇ ಕಾರಣವೆಂಬುದು ಸುಮಾರು ಕಾಲು ಗಂಟೆಯಲ್ಲಿ ನಿಶ್ಚಯವಾಗಿತ್ತು. ಒಂದೊಂದು ಹೆಜ್ಜೆಗೂ ಸಂಶಯದ ಕ್ಷೇತ್ರವನ್ನು ಅರ್ಧಕ್ಕೆ ಇಳಿಸುತ್ತ ಹೋಗುವ ಈ ರೀತಿಯನ್ನು ನಾನು ಹೃತ್ಪೂರ್ವಕವಾಗಿ ಗೌರವಿಸುತ್ತೇನೆ. ಒಳ್ಳೆಯ ವೈದ್ಯರು ಮದ್ದು ಕೊಡುವುದಕ್ಕೆ ಮುಂಚೆ ನಾಡಿ ಹಿಡಿಯುವ ಶಿಸ್ತು ಇದರಲ್ಲಿ ಉಂಟು.

ಅರ್ತ್ ವೈರು ಸೀಟ್ ಬೆಲ್ಟಿನ ಬೋಲ್ಟಿಗೆ ಕಟ್ಟಲ್ಪಟ್ಟಿತ್ತು. ಬಣ್ಣವೂ ಗೋಂದೂ ಇರುವ ಆ ಬೋಲ್ಟು ವಿದ್ಯುತ್ತಿಗೆ ಒಳ್ಳೆಯ ದಾರಿಯಲ್ಲವೆಂಬುದು ಒಂದು ಮಾತು. ಪ್ರಾಣರಕ್ಷಣೆಗಾಗಿ ಲೆಕ್ಕಹಾಕಿ ಬಿಗಿದುದನ್ನು ಇಂತಹ ಕೆಲಸಕ್ಕೆ ಸಡಿಲಿಸುವುದು ಅಕ್ಷಮ್ಯವೆಂಬುದು ಅದಕ್ಕಿಂತ ದೊಡ್ಡ ಮಾತು. ಅವರು ಅದನ್ನು ಮೊದಲಿನಂತೆ ಬಿಗಿದು, ಬೇರೆ ಎಡೆಯಲ್ಲಿ ತಗಡು ಹೊಳೆಯುವವರೆಗೆ ಬಣ್ಣ ಕೆರೆದು, ಹಲ್ಲುವಾಷರನ್ನಿಟ್ಟು ಹೊಸ ವೈರನ್ನು ಕೂಡಿಸಿದರು; ಮುಂಭಾಗದಲ್ಲಿ ಬ್ಯಾಟರಿಯಿಂದ ಬಾಡಿಗೆ ಹೋಗುವ ಪಾಚಿಗಟ್ಟಿದ ಕೂಡಿಕೆಯನ್ನೂ ಉಜ್ಜಿದರು. ಪವರ್ ಕೇಬಲ್ಲನ್ನೂ ಆರ್.ಸಿ.ಎ. ಕೇಬಲ್ಲನ್ನೂ ಒಂದೇ ಪಕ್ಕದಲ್ಲಿ ಎಳೆದಿದ್ದರಿಂದ ದನಿ ಬಂದಿತೆಂದು ಹಲವರು ನನಗೆ ಹೇಳಿದ್ದರು. ಬೇರೆ ಬೇರೆ ಪಕ್ಕದಲ್ಲಿ ಎಳೆಯುವುದು ಒಳ್ಳೆಯ ಅಭ್ಯಾಸವೇ; ಆದರೆ ಆ ದಿನ ಕೇಬಲ್ಲುಗಳು ಇದ್ದಲ್ಲಿಯೇ ಇದ್ದುವು, ದನಿ ಮಾತ್ರ ಹೋಯಿತು. ನಮ್ಮಲ್ಲಿ ಈ ಕಾರಣಕ್ಕೆ ಸಲ್ಲತಕ್ಕದ್ದಕ್ಕಿಂತ ಹೆಚ್ಚಿನ ಮಾನ್ಯತೆ ಸಂದಿದೆಯೆಂದು ನನ್ನ ಅಭಿಪ್ರಾಯ.

ಅಂಗಡಿಗಳವರನ್ನೇ ದೂರಿದರೆ ನ್ಯಾಯವಾಗದು. ಫಿಲ್ಟರಿಗೆ ಹಣ ತೆರುವ ಗಿರಾಕಿ, ಒಂದು ಗಂಟೆಯ ಶೋಧನೆಗೆ ಹಣ ಕೇಳಿದರೆ, ಕೈಗೆ ಬಂದ ವಸ್ತು ಯಾವುದೆಂದು ಮುಖ ನೋಡುತ್ತಾನೆ. ಕೆರೆದ ಬಣ್ಣಕ್ಕೂ ಬಿಗಿದ ಬೋಲ್ಟಿಗೂ ಬಿಲ್ಲಿನಲ್ಲಿ ಸಾಲಿಲ್ಲದಿರುವವರೆಗೆ, ಆ ವಿದ್ಯೆಯನ್ನು ಕಲಿಯಬೇಕೆಂಬ ಹುಡುಗರೂ ವಿರಳವಾಗಿಯೇ ಇರುವರು. ಆ ಹಿರಿಯರ ಬಳಿ ಕೆಲಸ ಕಲಿಯುವವರು ಯಾರೂ ಇರಲಿಲ್ಲ.

ಕೊನೆಯಲ್ಲಿ ಅವರು ಫಿಲ್ಟರನ್ನು ಬಿಚ್ಚಿ, ಕಾಗದದಲ್ಲಿ ಸುತ್ತಿ ನನ್ನ ಕೈಗಿತ್ತು, ಆಂಪ್ಲಿಫೈಯರಿನಲ್ಲಿ ಅತಿಯಾಗಿ ಏರಿಸಿಟ್ಟಿದ್ದ ಗೇನಿನ ತಿರುಪನ್ನು ಅರ್ಧಕ್ಕೆ ಇಳಿಸಿದರು. ಅದುವರೆಗೆ ನಾನು ಧ್ವನಿಮುದ್ರಣದ್ದೇ ದೋಷವೆಂದು ತಿಳಿದಿದ್ದ ಹಿಸ್ ಎಂಬ ಸದ್ದೂ ಇಳಿಯಿತು. ಅಂದು ಸಂಜೆ ಬಿಡದಿಯನ್ನು ದಾಟುತ್ತಿರುವಾಗ ಅನುಮಂದ್ರದ ತಂತಿಯನ್ನು ಮೀಟಿದ ನಾದವೂ, ಅದು ಆರಿದ ಮೇಲೆ ಉಳಿಯುವ ತಂಬೂರಿಯೂ ಬೇರೆಬೇರೆಯಾಗಿ ಕೇಳಿಸಿದುವು.