ದೊಡ್ಡಾಟದ ಸಾರಥಿ

ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಯ ದೊಡ್ಡಾಟಗಳನ್ನು ಕೇವಲ ಕಾವ್ಯವೆಂದು ಓದುವವರಿಗೆ ಸಾರಥಿಯ ಪ್ರಶ್ನೆಗಳು ಬೇಸರವನ್ನುಂಟುಮಾಡುವುವು. ಪಾತ್ರವು ಬಂದೊಡನೆ ಹೆಸರಾವುದು, ಊರಾವುದು, ಬಂದ ಕಾರಣವೇನೆಂದು ಆತನು ಕೇಳುವನು. ಮುಂದಿನ ಪಾತ್ರವನ್ನೂ ಹಾಗೆಯೇ ಕೇಳುವನು. ಇದನ್ನು ಪುನರುಕ್ತಿಯೆಂದು ತೆಗೆದುಹಾಕುವ ಸಂಪಾದಕನು ಆಟದ ಕೀಲನ್ನೇ ಕಳಚುವನು.

ಸಂಸ್ಕೃತ ನಾಟಕದ ಸೂತ್ರಧಾರನು ಪ್ರಸ್ತಾವನೆ ಮುಗಿಯುತ್ತಲೆ ನಿರ್ಗಮಿಸುವನು. ಸಾರಥಿಯಾದರೋ ಆಟದುದ್ದಕ್ಕೂ ಅಟ್ಟದ ಮೇಲೆ ಇರತಕ್ಕವನು. ಪಾತ್ರಧಾರಿಗಳು ವೃತ್ತಿಯ ನಟರಲ್ಲ, ಬಹುಮಟ್ಟಿಗೆ ಹೊಲಮನೆಯವರು. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದು, ಉರ್ದುವೇ ಆಡಳಿತಭಾಷೆಯಾಗಿದ್ದ ಈ ಸೀಮೆಯಲ್ಲಿ ಕನ್ನಡದ ಪ್ರತಿಯನ್ನು ಓದಬಲ್ಲವರು ಆಗ ವಿರಳವಾಗಿದ್ದರು. ಮಾಸ್ತರನು ಹೇಳಿಕೊಟ್ಟ ಪದವನ್ನೂ ಮಾತನ್ನೂ ರಾತ್ರಿಯ ತಾಲೀಮಿನಲ್ಲಿ ಬಾಯಿಪಾಠ ಮಾಡುವುದೇ ದಾರಿಯಾಗಿತ್ತು. ಅಂಥವನು ಕಿರೀಟ ಭುಜಕೀರ್ತಿಗಳ ಭಾರವನ್ನು ಹೊತ್ತು ಕುಣಿದು ದಣಿದು ನಿಂತಾಗ, ಸಾರಥಿಯ ಪ್ರಶ್ನೆಯೇ ಉಸಿರಾಡಲು ಅವನಿಗೆ ಎಡೆಗೊಡುವುದು. ಮರೆತ ಮಾತಿನ ತುದಿಯೂ ಅದರಲ್ಲಿಯೇ ಸಿಕ್ಕುವುದು. ನಡುರಾತ್ರಿಯಲ್ಲಿ ತೂಕಡಿಸಿ ಎದ್ದ ಪ್ರೇಕ್ಷಕನಿಗೂ ಕಥೆಯ ಎಳೆ ದೊರೆಯುವುದು. ತಾಲೀಮಿನಲ್ಲಿ ಮಾಸ್ತರನು ನಡೆಯಿಸಿದ ಕೆಲಸವನ್ನು ಅಟ್ಟದ ಮೇಲೆ, ವೇಷದೊಳಗಿದ್ದುಕೊಂಡೇ, ಮುಂದುವರಿಸುವವನು ಸಾರಥಿ.

1915ರಲ್ಲಿ ಮಸ್ಕಿಯಲ್ಲಿ ದೊರೆತ ಅಶೋಕನ ಶಾಸನದ ಒಂದೊಂದಕ್ಷರವನ್ನೂ ತೂಗಿ ನೋಡಿದ ವಿದ್ವತ್ತು, ಅದೇ ಸೀಮೆಯ ಆಟದ ಮಾತನ್ನು ತೂಗದೆ ಕತ್ತರಿಸುವುದು ವಿಚಿತ್ರವೇ ಸರಿ.

ಎಲ್ಲ ಪ್ರಶ್ನೆಗಳೂ ಸಮಾನವಲ್ಲವೆಂಬುದು ನಿಜ. ಬರಿಯ ನಗೆಗಾಗಿ ಬೆಳೆದ ಮಾತೂ ಉಂಟು. ಪ್ರಶ್ನೆಯನ್ನು ತೆಗೆದರೆ ಮುಂದಿನ ಪದವು ನಿಲ್ಲುವುದೇ ಎಂದು ಆಡಿಸಿ ನೋಡಿದ ಬಳಿಕವೇ ಸಂಪಾದಕನು ಕತ್ತರಿಯನ್ನು ಹಿಡಿಯತಕ್ಕದ್ದು.