ಸೈಕಲ್ ಪ್ರವಾಸದಲ್ಲಿ ಕ್ಯಾಮೆರಾ: ಎಲ್ಲಿಡಬೇಕು, ಹೇಗೆ ಕಾಯಬೇಕು

ದೂರದ ಸೈಕಲ್ ಪ್ರವಾಸದಲ್ಲಿ ಕ್ಯಾಮೆರಾಕ್ಕೆ ಮಳೆಗಿಂತ ದೊಡ್ಡ ಶತ್ರು ರಸ್ತೆಯ ಅದುರು. ಮಳೆ ಕಣ್ಣಿಗೆ ಕಾಣುತ್ತದೆ, ಸವಾರರು ಸಜ್ಜಾಗುತ್ತಾರೆ. ಕಿತ್ತುಹೋದ ಡಾಂಬರಿನ ಮೇಲೆ ಗಂಟೆಗಟ್ಟಲೆ ನಡೆಯುವ ಕುಲುಕಾಟ ಮಾತ್ರ ಸದ್ದಿಲ್ಲದೆ ಲೆನ್ಸಿನ ಸಣ್ಣ ತಿರುಪುಗಳನ್ನು ಸಡಿಲಿಸಬಲ್ಲದು. 1890ರ ದಶಕದ ಆರಂಭದಲ್ಲಿ ಟರ್ಕಿಯಿಂದ ಪೀಕಿಂಗ್‌ವರೆಗೆ ಸೈಕಲ್ ತುಳಿದ ಅಮೆರಿಕದ ಥಾಮಸ್ ಆಲೆನ್ ಮತ್ತು ವಿಲಿಯಂ ಸ್ಯಾಕ್ಟ್‌ಲೆಬೆನ್ ಕೊಡಾಕ್ ಕ್ಯಾಮೆರಾ ಒಯ್ದಿದ್ದರು. ಅದು ಸರಳವಾದ ಪೆಟ್ಟಿಗೆ. ಚಲಿಸುವ ಗಾಜು, ಮೋಟಾರು ತುಂಬಿದ ಇಂದಿನ ಜೂಮ್ ಲೆನ್ಸ್ ಅಷ್ಟು ಗಟ್ಟಿಯದಲ್ಲ.

ಹೀಗಿದ್ದೂ ಹಲವರು ಕ್ಯಾಮೆರಾವನ್ನು ಬಟ್ಟೆಯಲ್ಲಿ ಸುತ್ತಿ ಹಿಂದಿನ ಕ್ಯಾರಿಯರ್ ಚೀಲದ ತಳಕ್ಕೆ ಸೇರಿಸುತ್ತಾರೆ. ಇದಕ್ಕಿಂತ ಕೆಟ್ಟ ಜಾಗ ಇನ್ನೊಂದಿಲ್ಲ. ಹಿಂದಿನ ಗಾಲಿಗೆ ಬಿದ್ದ ಪ್ರತಿ ಪೆಟ್ಟೂ ಕಬ್ಬಿಣದ ಕ್ಯಾರಿಯರ್ ಮೂಲಕ ನೇರ ಅಲ್ಲಿಗೇ ತಲುಪುತ್ತದೆ. ಫೋಟೊ ತೆಗೆಯುವ ಅವಕಾಶವೂ ತಪ್ಪುತ್ತದೆ: ಆಗುಂಬೆ ಘಾಟಿಯ ತಿರುವಿನಲ್ಲಿ ಮಂಜು ಸರಿದು ಕಣಿವೆ ಕಂಡಾಗ, ಬಕಲ್ ಬಿಚ್ಚಿ, ಪ್ಲಾಸ್ಟಿಕ್ ಕವರ್ ತೆಗೆದು, ಟವೆಲ್ ಬಿಡಿಸುವಷ್ಟರಲ್ಲಿ ಮಂಜು ಮತ್ತೆ ಮುಚ್ಚಿಕೊಂಡಿರುತ್ತದೆ.

ಅದುರಿನಿಂದ ಕಾಪಾಡುವುದರಲ್ಲಿ ಮನುಷ್ಯನ ಮೈಯೇ ಮೇಲು; ಮೊಣಕಾಲು, ಮೊಣಕೈ, ಸೊಂಟಗಳು ಪೆಟ್ಟನ್ನು ನುಂಗಿಕೊಳ್ಳುತ್ತವೆ. ಆದರೆ ಬೆನ್ನಿನ ಚೀಲ ಬೆವರಿನಿಂದ ತೊಯ್ಯುತ್ತದೆ. ಬಿದ್ದರೆ ಗಟ್ಟಿ ಕ್ಯಾಮೆರಾ ಬೆನ್ನುಮೂಳೆಗೇ ಒತ್ತೀತು. ಚಿಕ್ಕ ಕ್ಯಾಮೆರಾವಾದರೆ ಸೊಂಟದ ಚೀಲ ಸಾಕು. ದೊಡ್ಡದಕ್ಕೆ, ಎಲ್ಲವನ್ನೂ ತೂಗಿನೋಡಿದರೆ, ಹ್ಯಾಂಡಲ್ ಚೀಲವೇ ಸರಿ: ಕೈಗೆ ತಕ್ಷಣ ಸಿಗುತ್ತದೆ, ಹೋಟೆಲಿನ ಮುಂದೆ ನಿಂತಾಗ ಕಳಚಿ ಒಳಗೊಯ್ಯಬಹುದು. ತಳಕ್ಕೆ ದಪ್ಪ, ಬಿಗಿಯಾದ ಫೋಮ್ ಬೇಕು; ಮೆತ್ತನೆಯ ಸ್ಪಂಜು ಭಾರಕ್ಕೆ ಕುಗ್ಗಿ ಚಪ್ಪಟೆಯಾಗುತ್ತದೆ. ಉದ್ದನೆಯ ಲೆನ್ಸನ್ನು ಕಳಚಿ ಬೇರೆಯಾಗಿಡುವುದು ಒಳ್ಳೆಯದು. ಚೀಲಕ್ಕೆ ಮೂರ್ನಾಲ್ಕು ಲೆನ್ಸ್ ತುಂಬಿದರಂತೂ ಇಳಿಜಾರಿನಲ್ಲಿ ಹ್ಯಾಂಡಲ್ ಮಾತು ಕೇಳುವುದಿಲ್ಲ.

ತೇವದ ವಿಷಯದಲ್ಲಿ ಜಲನಿರೋಧಕ ಚೀಲವನ್ನು ಅತಿಯಾಗಿ ನಂಬಲಾಗುತ್ತಿದೆ. ಅದು ಮಳೆಯನ್ನು ಹೊರಗಿಡುವಂತೆಯೇ ಒಳಗಿನ ತೇವವನ್ನು ಹೊರಬಿಡದೆ ಹಿಡಿದಿಡುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ದಿನಗಟ್ಟಲೆ ಹೀಗೆ ಮುಚ್ಚಿಟ್ಟರೆ ಲೆನ್ಸಿನಲ್ಲಿ ಫಂಗಸ್ ಬೆಳೆಯಬಹುದು. ಸಿಲಿಕಾ ಜೆಲ್ ಪೊಟ್ಟಣ ಜೊತೆಗಿರಬೇಕು, ರಾತ್ರಿ ತಂಗಿದಲ್ಲಿ ಚೀಲ ತೆರೆದು ಗಾಳಿಯಾಡಿಸಬೇಕು. ಕರಾವಳಿಯ ಏಸಿ ಕೋಣೆಯಿಂದ ಬೆಳಿಗ್ಗೆ ನೇರ ಹೊರತಂದ ಕ್ಯಾಮೆರಾದ ಗಾಜು ಮಸುಕಾಗುತ್ತದೆ. ಹೊರಗಿನ ಬಿಸಿಗೆ ಹೊಂದುವವರೆಗೆ ಅದು ಚೀಲದಲ್ಲೇ ಇರಲಿ. ನೆನೆದ ಕ್ಯಾಮೆರಾವನ್ನು ಅಕ್ಕಿಯಲ್ಲಿ ಹೂತಿಡುವ ರೂಢಿಯನ್ನು ಬಿಡಲೇಬೇಕು, ಏಕೆಂದರೆ ಅಕ್ಕಿಯ ಹುಡಿ ಸಂದುಗಳಿಗೆ ಇಳಿಯುತ್ತದೆ. ಸ್ವಿಚ್ ಆನ್ ಮಾಡದೆ ಬ್ಯಾಟರಿ, ಕಾರ್ಡ್ ತೆಗೆದು, ಫ್ಯಾನಿನ ಕೆಳಗೆ ಒಣಗಲು ಬಿಡುವುದೇ ಲೇಸು.