ಡಿಎಫ್ ಒಂದು ಲೆಕ್ಕ, ಡಿಯು ಇನ್ನೊಂದು

ಡಿಸ್ಕ್ ತುಂಬಿತು ಅಂದ ಕೂಡಲೇ ಅಳಿಸಲು ಕೈಹಾಕುವವರೇ ಹೆಚ್ಚು. ರೋಣ, ನರಗುಂದ, ಗಜೇಂದ್ರಗಡದಂಥ ಊರುಗಳ ಫೋಟೊ ಸ್ಟುಡಿಯೊಗಳಲ್ಲಿ ಮದುವೆಯ ಹಂಗಾಮು ಬಂತೆಂದರೆ ಇದೇ ಗಡಿಬಿಡಿ. ಕಣ್ಣಿಗೆ ಬಿದ್ದ ಹಳೆಯ ಫೋಲ್ಡರ್ ತೆಗೆದುಹಾಕುತ್ತಾರೆ, ಮರುವಾರ ಅದೇ ಮದುವೆಯ ಬೀಗರು ಆಲ್ಬಂ ಕೇಳಿಕೊಂಡು ಬರುತ್ತಾರೆ. ನಮ್ಮ ಕಡೆ ನೆಲದೊಳಗಿನ ಕಾಳಿನ ಹಗೇವಿಗೆ ಇಳಿಯುವ ಮುನ್ನ ದೀಪ ಇಳಿಸಿ ನೋಡುತ್ತಾರಲ್ಲ, ಲಿನಕ್ಸ್ ಟರ್ಮಿನಲ್ಲಿನಲ್ಲಿ ಆ ಕೆಲಸ ಮಾಡುವ ಆಜ್ಞೆಗಳು ಎರಡು: ಡಿಎಫ್ ಮತ್ತು ಡಿಯು. ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಬರೆದ 1971ರ ಮೊದಲ ಯುನಿಕ್ಸ್ ಕೈಪಿಡಿಯಲ್ಲೇ ಎರಡೂ ಇವೆ.

ಡಿಎಫ್ ಕೇಳುವುದು ಫೈಲ್ ಸಿಸ್ಟಮ್ಮನ್ನೇ: ಒಟ್ಟು ಎಷ್ಟು, ಉಳಿದದ್ದೆಷ್ಟು? ಉತ್ತರ ಕ್ಷಣದಲ್ಲಿ ಬರುತ್ತದೆ. ಡಿಯು ಹಾಗಲ್ಲ, ಒಂದೊಂದೇ ಫೋಲ್ಡರಿನೊಳಗೆ ಹೊಕ್ಕು ಕೂಡುತ್ತ ಹೋಗುತ್ತದೆ. ಹಾಗಾಗಿ ನಿಧಾನ, ಆದರೆ ಜಾಗ ಎಲ್ಲಿ ಹೋಯಿತೆಂದು ಹೇಳುವುದು ಇದೇ. ಇದರ ಫಲಿತಾಂಶವನ್ನು ‘ಸಾರ್ಟ್ -ಎಚ್’ಗೆ ಹರಿಸಿದರೆ ಅತಿ ದೊಡ್ಡ ಫೋಲ್ಡರ್ ಎಲ್ಲಕ್ಕಿಂತ ಕೆಳಗೆ, ನಾವು ಮುಂದೆ ಟೈಪ್ ಮಾಡುವ ಸಾಲಿನ ನೆತ್ತಿಯ ಮೇಲೇ ಬಂದು ಕೂರುತ್ತದೆ. ನನಗೆ ಈ ಜೋಡಣೆ ಯಾವ ಬಣ್ಣದ ಚಿತ್ರಪಟ ತೋರಿಸುವ ತಂತ್ರಾಂಶಕ್ಕಿಂತಲೂ ಇಷ್ಟ.

ಒಂದು ಪ್ರಯೋಗ ಮಾಡಿ. ಮೂರು ಫೈಲುಗಳಲ್ಲಿ ನಮ್ಮ ಮೂರು ಊರುಗಳ ಹೆಸರನ್ನಷ್ಟೇ ಬರೆಯಿರಿ, ಸಾಲಿನ ಕೊನೆಯ ಗುರುತೂ ಬೇಡ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್. ಅಕ್ಷರ, ಕೊಂಬು, ಸೊನ್ನೆ, ಒತ್ತಿಗೆ ಕಾರಣವಾಗುವ ವಿರಾಮ ಎಲ್ಲವೂ ಬೇರೆ ಬೇರೆ ಸಂಕೇತಗಳೇ. ರೋಣ 9 ಬೈಟ್, ನರಗುಂದ 18, ಗಜೇಂದ್ರಗಡ 27, ಒಟ್ಟು 54. ‘ಎಲ್ಎಸ್ -ಎಲ್’ ಒಂದೊಂದು ಫೈಲಿನ ಎದುರು ಇದೇ ಬೈಟ್ ಲೆಕ್ಕ ತೋರಿಸುತ್ತದೆ. ಡಿಯು ಮಾತ್ರ ಒಂದೊಂದಕ್ಕೂ 4ಕೆ ಎನ್ನುತ್ತದೆ. ಇಎಕ್ಸ್‌ಟಿ4ನಂಥ ಫೈಲ್ ಸಿಸ್ಟಮ್ ಸಾಮಾನ್ಯವಾಗಿ 4096 ಬೈಟಿನ ಬ್ಲಾಕುಗಳಲ್ಲೇ ಜಾಗ ಹಂಚುತ್ತದೆ, ಅದಕ್ಕಿಂತ ಚಿಕ್ಕ ತುಂಡು ಕೊಡುವುದಿಲ್ಲ. 54 ಬೈಟಿನ ಬರಹಕ್ಕೆ 12,288 ಬೈಟ್ ಹೋಯಿತು. ಸಣ್ಣ ಸಣ್ಣ ಫೈಲುಗಳು ಲಕ್ಷಗಟ್ಟಲೆ ಸೇರಿದಾಗ ಡಿಸ್ಕ್ ಹೇಗೆ ತುಂಬುತ್ತದೆಂದು ಇದರಿಂದ ತಿಳಿಯುತ್ತದೆ.

ದೊಡ್ಡ ಫೈಲಿನ ಮಾತು ಬೇರೆ. ರೋಣದಲ್ಲಿ 1922ರಲ್ಲಿ ಹುಟ್ಟಿದ ಭೀಮಸೇನ ಜೋಶಿಯವರ ಗಾಯನವನ್ನು ಕೂಡಿಡುವವರು ನಮ್ಮಲ್ಲಿ ಕಡಿಮೆಯಿಲ್ಲ, ನಾನೂ ಒಬ್ಬ. ಸಿಡಿ ಗುಣಮಟ್ಟದ ಧ್ವನಿಗೆ ಸೆಕೆಂಡಿಗೆ 1,76,400 ಬೈಟ್ ಬೇಕು, ಗಂಟೆಗೆ ಸುಮಾರು 63.5 ಕೋಟಿ. ‘ಡಿಯು -ಎಚ್’ ಇದನ್ನು 606ಎಂ ಎನ್ನುತ್ತದೆ, ಏಕೆಂದರೆ ಅದು 1000ದಿಂದಲ್ಲ, 1024ರಿಂದ ಭಾಗಿಸುತ್ತದೆ. ಪೆಟ್ಟಿಗೆಯ ಮೇಲೆ 1 ಟಿಬಿ ಎಂದಿರುವ ಡಿಸ್ಕ್ ಕಂಪ್ಯೂಟರಿನಲ್ಲಿ ಸುಮಾರು 931 ಜಿಬಿ ಆಗುವುದೂ ಇದಕ್ಕೇ. ಅಂಗಡಿಯವರು ಮೋಸ ಮಾಡಿಲ್ಲ.

ನಿಜವಾದ ರುಚಿ ಇರುವುದು ಎರಡು ಲೆಕ್ಕ ತಾಳೆಯಾಗದಿದ್ದಾಗ. ಡಿಎಫ್ ಡಿಸ್ಕ್ ತುಂಬಿದೆ ಎನ್ನುತ್ತದೆ, ಡಿಯು ಎಷ್ಟು ಕೂಡಿದರೂ ಅರ್ಧವೇ. ಸಾಮಾನ್ಯವಾಗಿ ಇಂಥಲ್ಲಿ ಯಾರೋ ದೊಡ್ಡ ಲಾಗ್ ಫೈಲೊಂದನ್ನು ಅಳಿಸಿರುತ್ತಾರೆ, ಆದರೆ ಅದರಲ್ಲಿ ಬರೆಯುತ್ತಿದ್ದ ಪ್ರೋಗ್ರಾಂ ಇನ್ನೂ ಅದನ್ನು ತೆರೆದಿಟ್ಟುಕೊಂಡಿರುತ್ತದೆ. ಹೆಸರು ಹೋಗಿದೆ, ಆದ್ದರಿಂದ ಡಿಯುಗೆ ಕಾಣದು. ಬ್ಲಾಕುಗಳು ಹೋಗಿಲ್ಲ, ಆದ್ದರಿಂದ ಡಿಎಫ್ ಎಣಿಸುತ್ತಲೇ ಇದೆ. ‘ಎಲ್ಎಸ್ಒಎಫ್ +ಎಲ್1’ ಅಂಥ ಫೈಲುಗಳನ್ನು ಹಿಡಿದುಕೊಡುತ್ತದೆ. ಆ ಪ್ರೋಗ್ರಾಂ ನಿಲ್ಲಿಸಿ ಮತ್ತೆ ಶುರುಮಾಡಿದರೆ ಜಾಗ ವಾಪಸ್. ಇನ್ನೊಂದು ಕಾರಣ, ಇಎಕ್ಸ್‌ಟಿ4 ಮೊದಲಿನಿಂದಲೇ ಶೇ 5ರಷ್ಟು ಜಾಗವನ್ನು ರೂಟ್ ಬಳಕೆದಾರನಿಗೆ ಮೀಸಲಿಡುತ್ತದೆ. ಹಾಡು, ಫೋಟೊ ಮಾತ್ರ ಇಡುವ ಡಿಸ್ಕಿಗೆ ಅಷ್ಟು ಬೇಕಿಲ್ಲ. ‘ಟ್ಯೂನ್2ಎಫ್ಎಸ್ -ಎಂ 1’ ಅದನ್ನು ಶೇ 1ಕ್ಕೆ ಇಳಿಸುತ್ತದೆ. ಜಾಗ ಉಳಿದಿದ್ದೂ ಹೊಸ ಫೈಲ್ ಹುಟ್ಟದಿದ್ದರೆ ‘ಡಿಎಫ್ -ಐ’ ಕೊಡಿ, ಪ್ರತಿ ಫೈಲಿಗೂ ಬೇಕಾಗುವ ದಾಖಲೆಯಾದ ಐನೋಡ್ ಮುಗಿದಿರಬಹುದು.

ಮುಂದಿನ ಸಲ ಡಿಸ್ಕ್ ತುಂಬಿದಾಗ ‘ಆರ್ಎಂ’ ಕೊಡುವ ಮುನ್ನ ಈ ಎರಡನ್ನೂ ಓಡಿಸಿ ನೋಡಿ. ಆರ್ಎಂ ಅಳಿಸಿದ್ದು ಕಸದ ಬುಟ್ಟಿಗೂ ಹೋಗುವುದಿಲ್ಲ.